ಕ್ಲ್ಯಾಶ್: ಮೊದಲ ಆಲ್ಬಮ್ ಮತ್ತು 'ಕಾಂಬ್ಯಾಟ್ ರಾಕ್' ನಿಜವಾಗಿಯೂ ಒಂದೇ ಬ್ಯಾಂಡಿನದಾ?

ಒಂಟಿತಂತಿ:

ಲಂಡನ್ನಿನ ಪಂಕ್ ಬ್ಯಾಂಡ್ ಕ್ಲ್ಯಾಶ್ ಕೇಳಲು ಶುರು ಮಾಡಿ ಒಂದು ತಿಂಗಳಾಯಿತು. ನಾನು ಒಳಗೆ ಬಂದದ್ದು ಹಿತ್ತಿಲ ಬಾಗಿಲಿನಿಂದ. 'ಶುಡ್ ಐ ಸ್ಟೇ ಆರ್ ಶುಡ್ ಐ ಗೋ' ಇಷ್ಟವಾಯಿತು, ಅದಿರುವ 'ಕಾಂಬ್ಯಾಟ್ ರಾಕ್' ಪೂರ್ತಿ ಕೇಳಿದೆ, 'ರಾಕ್ ದ ಕಸ್ಬಾ'ದ ಪಿಯಾನೋ ನಾಲ್ಕು ದಿನ ತಲೆಯಿಂದ ಇಳಿಯಲಿಲ್ಲ. ಪಂಕ್ ಅನ್ನೋ ಒರಟು ರಾಕ್ ಅಂದರೆ ಇಷ್ಟೇನಾ, ಜನ ಸುಮ್ನೆ ಹೆದರಿಸುತ್ತಾರೆ ಅಂದುಕೊಂಡು 1977ರ ಮೊದಲ ಆಲ್ಬಮ್ ಹಾಕಿದೆ.

ಮೂರು ಹಾಡಿಗೇ ನಿಲ್ಲಿಸಿಬಿಟ್ಟೆ. ಗಿಟಾರ್ ತಗಡು ಕೆರೆದ ಹಾಗಿದೆ. ಹಾಡುವವರು ಏನು ಹೇಳುತ್ತಿದ್ದಾರೆ ಅಂತ ಒಂದಕ್ಷರ ತಿಳಿಯಲಿಲ್ಲ. ಎಲ್ಲರೂ ಬೆಂಕಿ ಬಿದ್ದ ಮನೆಯಿಂದ ಓಡುವವರ ಹಾಗೆ ಬಾರಿಸುತ್ತಿದ್ದಾರೆ. ಈ ಎರಡು ಆಲ್ಬಮ್‌ಗಳ ನಡುವೆ ಐದೇ ವರ್ಷ ಅಲ್ವಾ? ಹೋಗಲಿ ಅಂತ 'ಸ್ಯಾಂಡಿನಿಸ್ಟಾ!' ಹಿಡಿದೆ. ಅದರಲ್ಲಿ 36 ಹಾಡು! ಒಂದು ಕಡೆ ವಾಲ್ಟ್ಸ್, ಒಂದು ಕಡೆ ಚಿಕ್ಕ ಮಕ್ಕಳು ಹಾಡುತ್ತಾರೆ, ಇನ್ನೊಂದು ಕಡೆ ಟೇಪನ್ನು ಉಲ್ಟಾ ಓಡಿಸಿದ್ದಾರೆ. ಅರ್ಧಕ್ಕೆ ನಿದ್ದೆ ಬಂತು, ಸುಳ್ಳು ಹೇಳಲ್ಲ.

ನನ್ನ ಪ್ರಶ್ನೆ ಎರಡು. ಇವರು ನಡುವೆ ನುಡಿಸೋದು ಕಲಿತರಾ, ಇಲ್ಲಾ ದುಡ್ಡಿಗಾಗಿ ಬದಲಾದರಾ? ಮತ್ತೆ, ನನ್ನಂಥವರು ಯಾವ ಕ್ರಮದಲ್ಲಿ ಕೇಳಬೇಕು?

ಎರಡನೇಬದಿ:

ಮೂರು ಹಾಡಿಗೆ ನಿಲ್ಲಿಸಿದ್ದೇ ನಿಮ್ಮ ತಪ್ಪು. ನಿಮ್ಮ ಪ್ರಶ್ನೆಗೆ ಉತ್ತರ ಅದೇ ಆಲ್ಬಮ್ಮಿನ ಕೊನೆಯ ಹತ್ತಿರ ಕೂತಿದೆ. 'ಪೊಲೀಸ್ ಅಂಡ್ ಥೀವ್ಸ್' ಅಂತ ಒಂದು ಹಾಡು. ಜೂನಿಯರ್ ಮರ್ವಿನ್ ಹಾಡಿದ, ಲೀ 'ಸ್ಕ್ರ್ಯಾಚ್' ಪೆರಿ ತಯಾರಿಸಿದ ಜಮೈಕಾದ ರೆಗೆ. ಮೂಲ ಬಂದದ್ದು 1976ರಲ್ಲಿ, ಮರುವರ್ಷವೇ ಇವರು ಅದನ್ನು ಎತ್ತಿಕೊಂಡರು. ಆಲ್ಬಮ್‌ನಲ್ಲಿ ಇರೋದು 14 ಹಾಡು, ಒಟ್ಟು 35 ನಿಮಿಷ. ಅದರಲ್ಲಿ ಇದೊಂದೇ ಆರು ನಿಮಿಷ ನುಂಗುತ್ತದೆ. ಎರಡು ನಿಮಿಷದ ಹಾಡುಗಳ ಸಾಲಿನಲ್ಲಿ ಆರು ನಿಮಿಷದ ರೆಗೆ ಇಟ್ಟರು ಅಂದರೆ ಅವರ ಕಿವಿ ಆಗಲೇ ಎಲ್ಲಿತ್ತು ಅಂತ ಗೊತ್ತಾಗುತ್ತದೆ.

ಹೆಡ್‌ಫೋನ್ ಹಾಕಿ ಕೇಳಿ. ರೆಗೆಯಲ್ಲಿ ಗಿಟಾರ್ ಪೆಟ್ಟು ಬೀಳೋದು ತಾಳದ ಮೇಲಲ್ಲ, ತಾಳದ ನಡುವಿನ ಸಂದಿಯಲ್ಲಿ. ಇಲ್ಲಿ ಒಂದು ಗಿಟಾರ್ ಆ ಸಂದಿಯಲ್ಲಿ ಚಕ್ ಚಕ್ ಅನ್ನುತ್ತದೆ, ಇನ್ನೊಂದು ಒರಟಾಗಿ ನೇರ ತಾಳದ ಮೇಲೇ ಬೀಳುತ್ತದೆ. ಈ ಜೋಡಣೆ ಬ್ಯಾಂಡಿನ ಗಿಟಾರಿಸ್ಟ್ ಮಿಕ್ ಜೋನ್ಸ್ ಅವರದ್ದು. ರೆಗೆಯವರು ಹೀಗೆ ನುಡಿಸಲ್ಲ, ರಾಕ್‌ನವರೂ ನುಡಿಸಲ್ಲ. ನನ್ನ ಪ್ರಕಾರ ಮುಂದಿನ ಐದು ವರ್ಷದ ಕ್ಲ್ಯಾಶ್ ಪೂರ್ತಿ ಹುಟ್ಟಿದ್ದು ಈ ಎರಡು ಗಿಟಾರಿನ ನಡುವೆ.

ಇದು ಆಕಸ್ಮಿಕ ಅಲ್ಲ. ಬೇಸ್ ಗಿಟಾರಿನ ಪಾಲ್ ಸಿಮನನ್ ಬೆಳೆದದ್ದು ಲಂಡನ್ನಿನ ಬ್ರಿಕ್ಸ್ಟನ್, ಲ್ಯಾಡ್‌ಬ್ರೋಕ್ ಗ್ರೋವ್ ಕಡೆ, ಅಂದರೆ ಕೆರಿಬಿಯನ್‌ನಿಂದ ಬಂದವರು ಜಾಸ್ತಿ ಇದ್ದ ಬೀದಿಗಳಲ್ಲಿ. ಪಂಕ್‌ನವರ ರಾಕ್ಸಿ ಕ್ಲಬ್‌ನಲ್ಲಿ ರೆಕಾರ್ಡ್ ಹಾಕುತ್ತಿದ್ದ ಡಾನ್ ಲೆಟ್ಸ್ ಅವರಿಗೆ ಹಾಕೋಕೆ ಪಂಕ್ ರೆಕಾರ್ಡುಗಳೇ ಇರಲಿಲ್ಲ, ಇನ್ನೂ ಯಾರೂ ಬಿಡುಗಡೆ ಮಾಡಿರಲಿಲ್ಲ! ಹಾಗಾಗಿ ಬ್ಯಾಂಡ್‌ಗಳ ನಡುವೆ ಬರೀ ರೆಗೆ ಹಾಕುತ್ತಿದ್ದರು. ಪಂಕ್ ಹುಡುಗರು ಕುಣಿಯದೆ ನಿಂತಾಗ ಕಿವಿಗೆ ಬೀಳುತ್ತಿದ್ದದ್ದು ಅದು. ಮುಖ್ಯ ಗಾಯಕ ಜೋ ಸ್ಟ್ರಮ್ಮರ್ ಅದಕ್ಕೂ ಮುಂಚೆ '101ರ್ಸ್' ಅಂತ ಒಂದು ಪಬ್ ಬ್ಯಾಂಡ್‌ನಲ್ಲಿ ಹಳೇ ರಾಕ್ ಅಂಡ್ ರೋಲ್ ಹಾಡುತ್ತಿದ್ದರು. ಮಿಕ್‌ಗೆ ಮಾಟ್ ದ ಹೂಪಲ್ ಅನ್ನೋ ರಾಕ್ ಬ್ಯಾಂಡ್ ಅಂದರೆ ಪ್ರಾಣ.

ಅಂದರೆ ರುಚಿ ಮೊದಲಿಂದಲೂ ಇತ್ತು. ಕೈ ಇರಲಿಲ್ಲ. ಸಿಮನನ್ ಬ್ಯಾಂಡಿಗೆ ಸೇರಿದ ಮೇಲೆ ಬೇಸ್ ಕಲಿತವರು, ಯಾವ ಸ್ವರ ಎಲ್ಲಿದೆ ಅಂತ ಬೇಸಿನ ಕುತ್ತಿಗೆ ಮೇಲೆ ಬಣ್ಣದಲ್ಲಿ ಬರೆದುಕೊಂಡಿದ್ದರು. ಮೊದಲ ಆಲ್ಬಮ್ 1977ರ ಫೆಬ್ರವರಿಯಲ್ಲಿ ಮೂರು ವಾರಾಂತ್ಯಗಳಲ್ಲಿ ಮುಗಿಯಿತು. ಪ್ರೊಡ್ಯೂಸರ್ ಅಂತ ಹೆಸರು ಹಾಕಿಸಿಕೊಂಡ ಮಿಕಿ ಫೂಟ್, ಬ್ಯಾಂಡಿನ ಕಛೇರಿಗಳಲ್ಲಿ ಸೌಂಡ್ ನೋಡುತ್ತಿದ್ದವರು. ನೀವು ಹೇಳಿದ ತಗಡು ಸದ್ದು ಅಲ್ಲಿಂದ ಬಂದದ್ದು. ಅವರ ರೆಕಾರ್ಡ್ ಕಂಪನಿ ಸಿಬಿಎಸ್‌ನ ಅಮೆರಿಕದವರು ಇದು ರೇಡಿಯೋಗೆ ಆಗಲ್ಲ ಅಂತ 1979ರವರೆಗೆ ಬಿಡುಗಡೆಯೇ ಮಾಡಲಿಲ್ಲ. ಅಷ್ಟರಲ್ಲಿ ಆಮದಾದ ಪ್ರತಿಗಳೇ ಅಲ್ಲಿ ಲಕ್ಷದ ಮೇಲೆ ಹೋಗಿದ್ದವು.

ಆಮೇಲೆ ನಡೆದದ್ದನ್ನು ಆಲ್ಬಮ್‌ಗಳಲ್ಲಿ ಹುಡುಕಿದರೆ ಸಿಗಲ್ಲ, ಸಿಂಗಲ್‌ಗಳಲ್ಲಿ, ಅಂದರೆ ಒಂದೊಂದೇ ಹಾಡಿಗೆ ಅಂತ ಬಿಟ್ಟ ಚಿಕ್ಕ ರೆಕಾರ್ಡುಗಳಲ್ಲಿ ಸಿಗುತ್ತದೆ. ಇದನ್ನು ಹೊಸಬರು ತಪ್ಪದೇ ತಪ್ಪಿಸಿಕೊಳ್ಳುತ್ತಾರೆ. 1977ರ ಸೆಪ್ಟೆಂಬರ್‌ನಲ್ಲಿ 'ಕಂಪ್ಲೀಟ್ ಕಂಟ್ರೋಲ್' ಬಂತು. ಬ್ಯಾಂಡನ್ನು ಕೇಳದೆ ಕಂಪನಿ 'ರಿಮೋಟ್ ಕಂಟ್ರೋಲ್' ಅನ್ನೋ ಹಾಡನ್ನು ಸಿಂಗಲ್ ಆಗಿ ಬಿಟ್ಟಿತ್ತು, ಅದರ ಮೇಲಿನ ಸಿಟ್ಟಿಗೆ ಬರೆದ ಹಾಡು ಇದು. ತಮಾಷೆ ಏನೆಂದರೆ ಅದನ್ನು ಪ್ರೊಡ್ಯೂಸ್ ಮಾಡಿದ್ದು ಅದೇ ಲೀ ಪೆರಿ! ಮರುವರ್ಷ ಜೂನ್‌ನಲ್ಲಿ 'ವೈಟ್ ಮ್ಯಾನ್ ಇನ್ ಹ್ಯಾಮರ್ಸ್ಮಿತ್ ಪ್ಯಾಲೇ'. ಜೋ ಒಂದು ರಾತ್ರಿ ಆ ಸಭಾಂಗಣಕ್ಕೆ ರೆಗೆ ಕೇಳೋಕೆ ಹೋಗಿ, ಬಂಡಾಯದ ಹಾಡು ಸಿಗುತ್ತೆ ಅಂದುಕೊಂಡಲ್ಲಿ ಥಳುಕಿನ ಶೋ ಸಿಕ್ಕಿ ಪೆಚ್ಚಾದ ಕಥೆ. ಅಲ್ಲಿಂದ ಶುರುವಾಗಿ ಹಾಡು ಪಂಕ್ ಬ್ಯಾಂಡ್‌ಗಳಿಗೂ ಬಯ್ಯುತ್ತದೆ, ದೇಶದ ರಾಜಕೀಯಕ್ಕೂ ಬಯ್ಯುತ್ತದೆ. ವೇಗ ಅರ್ಧಕ್ಕೆ ಇಳಿದಿದೆ, ಸಿಟ್ಟು ಇಳಿದಿಲ್ಲ. ಒಂದೇ ಹಾಡು ಕೇಳ್ತೀನಿ ಅಂದರೆ ಇದನ್ನು ಕೇಳಿ.

ದುಡ್ಡಿನ ಪ್ರಶ್ನೆಗೆ ಸಂಜೆ ಬರೆಯುತ್ತೇನೆ, ಕೆಲಸ ಇದೆ.

ಮೂರುಕಾರ್ಡು:

ಸಂಜೆವರೆಗೆ ಯಾಕೆ ಕಾಯಬೇಕು, ನಾನು ಹೇಳ್ತೇನೆ. 1977ರ ಜನವರಿಯಲ್ಲಿ ಸಿಬಿಎಸ್ ಜೊತೆ 1 ಲಕ್ಷ ಪೌಂಡಿಗೆ ಸಹಿ ಹಾಕಿದರು. ಅಲ್ಲಿಗೆ ಮುಗೀತು ಅಂತ ಆಗಲೇ ಬರೆದವರಿದ್ದರು. ನಾನು ಅಷ್ಟು ದೂರ ಹೋಗಲ್ಲ. ಮೊದಲ ಆಲ್ಬಮ್ ಬಂಗಾರ. ಆಮೇಲಿನದು ಬುದ್ಧಿವಂತರ ಸಂಗೀತ. ಚೆನ್ನಾಗಿಲ್ಲ ಅಂತಲ್ಲ. ಆದರೆ ಪಂಕ್‌ನ ಮಾತೇ ಅದಲ್ವಾ, ನಿನಗೆ ಗಿಟಾರಿನಲ್ಲಿ ಮೂರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳು) ಬಂದರೆ ಸಾಕು, ನಾಳೆ ನೀನೂ ಬ್ಯಾಂಡ್ ಕಟ್ಟು ಅಂತ? ಮೂರನೇ ಆಲ್ಬಮ್ 'ಲಂಡನ್ ಕಾಲಿಂಗ್' ಕೇಳಿದ ಹುಡುಗ ಏನು ಮಾಡುತ್ತಾನೆ? ಹಾರ್ನ್ ಊದುವವರನ್ನು ಎಲ್ಲಿಂದ ತರುತ್ತಾನೆ, ಆರ್ಗನ್ ಎಲ್ಲಿಂದ ತರುತ್ತಾನೆ? ಸುಮ್ನೆ ಕೂತು ಮೆಚ್ಚಿಕೊಳ್ಳುತ್ತಾನೆ. ಮೊದಲ ಆಲ್ಬಮ್ ಕೇಳಿದವನು ಎದ್ದು ಹೋಗಿ ಗಿಟಾರ್ ತರುತ್ತಾನೆ. ನಾನು ತಂದೆ. ಈಗಲೂ ಮೂರೇ ಕಾರ್ಡ್ ಬರುತ್ತವೆ, ಅದು ಬೇರೆ ಮಾತು.

ಮತ್ತೆ ಎರಡನೇ ಆಲ್ಬಮ್ ಬಗ್ಗೆ ಎರಡನೇಬದಿ ಅವರು ಜಾಣತನದಿಂದ ಒಂದು ಮಾತೂ ಆಡಲಿಲ್ಲ, ಗಮನಿಸಿ. 'ಗಿವ್ ಎಮ್ ಇನಫ್ ರೋಪ್', 1978ರ ನವೆಂಬರ್. ಅಮೆರಿಕಕ್ಕೆ ಒಗ್ಗಲಿ ಅಂತ ಅಲ್ಲಿನ ರಾಕ್ ಬ್ಯಾಂಡ್ ಬ್ಲೂ ಆಯ್ಸ್ಟರ್ ಕಲ್ಟ್‌ನ ಪ್ರೊಡ್ಯೂಸರ್ ಸ್ಯಾಂಡಿ ಪರ್ಲ್ಮನ್ ಅವರನ್ನು ತಂದರು. ಎಲ್ಲಾ ತೊಳೆದು ಒರೆಸಿ ಪಾಲಿಶ್ ಹಾಕಿದ ಹಾಗಿದೆ. ಜೋ ದನಿ ಡ್ರಮ್ಮಿನ ಹಿಂದೆ ಎಲ್ಲೋ ಬಾಗಿಲಾಚೆ ನಿಂತು ಕೂಗಿದ ಹಾಗೆ ಕೇಳುತ್ತದೆ. ಇದನ್ನೂ ಬೆಳವಣಿಗೆ ಅಂತೀರಾ?

ಕಡ್ಡಿಪೆಟ್ಟು:

ಆ ಡ್ರಮ್ಮಿನ ಹಿಂದೆ ದನಿ ಕೇಳಲ್ಲ ಅಂದಿರಲ್ಲ, ಡ್ರಮ್ ಕೇಳಿದಿರಾ? ಯಾರೂ ಇನ್ನೂ ಟಾಪರ್ ಹೆಡನ್ ಹೆಸರು ಎತ್ತಿಲ್ಲ, ಅದಕ್ಕೇ ಬಂದೆ.

ಮೊದಲ ಆಲ್ಬಮ್‌ನಲ್ಲಿ ಬಾರಿಸಿದ್ದು ಟೆರಿ ಚೈಮ್ಸ್. ಒಳ್ಳೆ ಗಟ್ಟಿ ಕೈ. ಆದರೆ ರೆಕಾರ್ಡಿಂಗ್ ಹೊತ್ತಿಗೆ ಅವರು ಬಿಡುವ ತಯಾರಿಯಲ್ಲಿದ್ದರು, ಕವರ್ ಫೋಟೋದಲ್ಲೂ ಇಲ್ಲ, ಹೆಸರನ್ನು 'ಟೋರಿ ಕ್ರೈಮ್ಸ್' (ಟೋರಿ ಪಕ್ಷದ ಅಪರಾಧಗಳು) ಅಂತ ಹಾಕಿ ಬ್ಯಾಂಡಿನವರು ಕಾಲೆಳೆದಿದ್ದಾರೆ. ಅದೇ ವರ್ಷ ಟಾಪರ್ ಬಂದರು. ಜಾಝ್, ಸೋಲ್, ಫಂಕ್ ಎಲ್ಲಾ ಗೊತ್ತಿದ್ದ ಹುಡುಗ. ಪರ್ಲ್ಮನ್ ಅವರಿಗೆ ಆತ ತಾಳ ತಪ್ಪದ್ದು ಕಂಡು ಅಚ್ಚರಿಯಾಗಿ 'ಮನುಷ್ಯರೂಪದ ಡ್ರಮ್ ಮೆಷಿನ್' ಅಂದಿದ್ದರು. 'ಟಾಮಿ ಗನ್' ಶುರುವಾಗುವಾಗ ಸ್ನೇರ್ ಡ್ರಮ್ ಮೇಲೆ ಮೆಷಿನ್ ಗನ್ ಹಾಗೆ ಒಂದೊಂದು ಗುಂಡೂ ಬೇರೆ ಬೇರೆ ಕೇಳುತ್ತದೆ. ಕೇಳೋಕೆ ಸುಲಭ. ನಾನು ಎರಡು ವಾರ ಅಭ್ಯಾಸ ಮಾಡಿದೆ, ಮಣಿಕಟ್ಟು ಊದಿತು, ಗುಂಡುಗಳು ಮಾತ್ರ ಜೋಳ ಚೆಲ್ಲಿದ ಹಾಗೇ ಬಿದ್ದವು.

ಎರಡನೇಬದಿ ಅವರ 'ಕೈ ಇರಲಿಲ್ಲ' ಅನ್ನೋ ಮಾತು ಸರಿ. ಆ ಕೈ ಟಾಪರ್. ಗಿಟಾರಿಸ್ಟ್ ಯಾವ ಹಾಡು ತಂದರೂ ಡ್ರಮ್ಮರ್‌ಗೆ ಒಂದೇ ಪೆಟ್ಟು ಗೊತ್ತಿದ್ದರೆ ಹಾಡು ಅದೇ ಪೆಟ್ಟಿಗೆ ಬಂದು ಬೀಳುತ್ತದೆ. ಈತ ಬಂದ ಮೇಲೆ ಯಾರಾದರೂ ಸ್ಕಾ (ರೆಗೆಗಿಂತ ಹಳೇ ಜಮೈಕಾ ಸಂಗೀತ) ಹಿಡಿದರೆ ಸ್ಕಾ, ಫಂಕ್ ಹಿಡಿದರೆ ಫಂಕ್. ಅದಕ್ಕೇ ಆಲ್ಬಮ್‌ಗಳು ಹಾಗೆ ತೆರೆದುಕೊಂಡವು.

ನೀವು ಇಷ್ಟಪಟ್ಟ 'ರಾಕ್ ದ ಕಸ್ಬಾ' ಪಿಯಾನೋ ಕೂಡ ಟಾಪರ್ ಅವರದ್ದೇ ಗೊತ್ತಾ? ಸ್ಟುಡಿಯೋದಲ್ಲಿ ಬೇರೆಯವರು ಇನ್ನೂ ಬಂದಿರಲಿಲ್ಲ. ಮೊದಲು ಡ್ರಮ್ ರೆಕಾರ್ಡ್ ಮಾಡಿದರು, ಅದರ ಮೇಲೆ ಪಿಯಾನೋ, ಅದರ ಮೇಲೆ ಬೇಸ್. ಬೇರೆಯವರು ಬರುವಷ್ಟರಲ್ಲಿ ಹಾಡಿನ ಬೆನ್ನೆಲುಬು ಮುಗಿದಿತ್ತು. ಮಾತು ಜೋ ಬರೆದರು. ಅಮೆರಿಕದಲ್ಲಿ 8ನೇ ಸ್ಥಾನಕ್ಕೆ ಹೋಯಿತು, ಅಲ್ಲಿ ಅವರ ಅತಿ ದೊಡ್ಡ ಹಿಟ್ ಅದೇ. ಅಷ್ಟರಲ್ಲಿ ಹೆರಾಯಿನ್ ಕಾರಣಕ್ಕೆ ಟಾಪರ್ ಅವರನ್ನು ಬ್ಯಾಂಡಿನಿಂದ ತೆಗೆದಾಗಿತ್ತು. ವಿಡಿಯೋದಲ್ಲಿ ಡ್ರಮ್ ಹಿಂದೆ ಕೂತಿರೋದು ವಾಪಸ್ ಬಂದ ಟೆರಿ ಚೈಮ್ಸ್. ತಾನು ಕಟ್ಟಿದ ಹಾಡಿಗೆ ಬೇರೆಯವರು ಕಡ್ಡಿ ಆಡಿಸೋದನ್ನು ಟಿವಿಯಲ್ಲಿ ನೋಡಬೇಕಾಯಿತು ಪಾಪ.

ಅದೇ ಆಲ್ಬಮ್‌ನಲ್ಲಿ 'ಸ್ಟ್ರೈಟ್ ಟು ಹೆಲ್' ಇದೆ. ಗಿಟಾರ್ ಹಿಂದೆ ರಾಕ್ ಬೀಟ್ ಹಾಕಿ ನೋಡಿದರು, ಕೂರಲಿಲ್ಲ. ಕೊನೆಗೆ ಟಾಪರ್ ಬ್ರೆಜಿಲ್‌ನ ಬೊಸ್ಸಾ ನೋವಾ ಥರದ ಒಂದು ತಾಳ ಹಾಕಿದರು. ಟೇಕ್‌ಗೆ ಮುಂಚೆ ಜೋ ಕೈಗೆ ಟವೆಲ್ ಸುತ್ತಿದ ನಿಂಬೆ ಶರಬತ್ತಿನ ಬಾಟಲಿ ಕೊಟ್ಟು, ನೀನು ಬೇಸ್ ಡ್ರಮ್ಮಿನ ಮುಂದೆ ಕೂತು ಇದರಿಂದ ಹೊಡಿ ಅಂದರು. ಆ ದಪ್ಪ ಧಪ್ ಸದ್ದು ಅದು.

ಎರಡನೇಬದಿ:

ಕಡ್ಡಿಪೆಟ್ಟು ಅವರಿಗೆ ನಮಸ್ಕಾರ, ನಾನು ಹೇಳಬೇಕಿದ್ದನ್ನು ನನಗಿಂತ ಚೆನ್ನಾಗಿ ಹೇಳಿದಿರಿ.

ಮೂರುಕಾರ್ಡು ಅವರೇ, ಎರಡನೇ ಆಲ್ಬಮ್ ಬಗ್ಗೆ ನಾನು ಮಾತಾಡದಿದ್ದದ್ದು ಜಾಣತನವೇ, ಒಪ್ಪಿದೆ. ಬ್ರಿಟನ್ನಿನಲ್ಲಿ 2ನೇ ಸ್ಥಾನಕ್ಕೆ ಹೋಯಿತು, ಆದರೂ ನಾನು ಅದನ್ನು ಪೂರ್ತಿ ಹಾಕಿ ವರ್ಷಗಳೇ ಆದವು. ಮೊದಲ ಹಾಡು 'ಸೇಫ್ ಯುರೋಪಿಯನ್ ಹೋಮ್' ಮಾತ್ರ ಬಿಡಬೇಡಿ. ಹಾಡು ಬರೆಯಲಿ ಅಂತ ಜೋ ಮತ್ತು ಮಿಕ್ ಇಬ್ಬರನ್ನೂ ಜಮೈಕಾಗೆ ಕಳಿಸಿದ್ದರು. ಲಂಡನ್ನಿನಲ್ಲಿ ಕೂತು ರೆಗೆ ಪ್ರೀತಿಸುತ್ತಿದ್ದ ಈ ಬಿಳಿ ಹುಡುಗರಿಗೆ ಕಿಂಗ್ಸ್ಟನ್ನಿನಲ್ಲಿ ಬಾಗಿಲಾಚೆ ಕಾಲಿಡೋಕೆ ಭಯ. ವಾಪಸ್ ಬಂದು ಅದನ್ನೇ ಹಾಡು ಮಾಡಿದರು. ತಮ್ಮನ್ನೇ ಗೇಲಿ ಮಾಡಿಕೊಳ್ಳೋದು ಇವರಿಗೆ ಬರುತ್ತಿತ್ತು, ಬೇರೆ ಪಂಕ್ ಬ್ಯಾಂಡ್‌ಗಳಲ್ಲಿ ನನಗೆ ಇದು ಅಪರೂಪ ಅನ್ನಿಸಿದೆ.

ಈಗ ದುಡ್ಡಿನ ಮಾತು. 1979ರ ಬೇಸಿಗೆಯಲ್ಲಿ ಇವರ ಹತ್ತಿರ ಮ್ಯಾನೇಜರ್ ಇರಲಿಲ್ಲ, ಬರ್ನಿ ರೋಡ್ಸ್ ಜೊತೆ ಜಗಳವಾಗಿತ್ತು, ಅಭ್ಯಾಸದ ಜಾಗ ಹೋಗಿತ್ತು, ಸಾಲ ಇತ್ತು, ಹೊಸ ಹಾಡೂ ಇರಲಿಲ್ಲ. ಪಿಮ್ಲಿಕೋದಲ್ಲಿ ಒಂದು ಗ್ಯಾರೇಜಿನ ಹಿಂದೆ ವೆನಿಲ್ಲಾ ಅಂತ ಒಂದು ಕೋಣೆ ಹಿಡಿದರು. ದಿನಾ ಎದುರಿಗಿದ್ದ ಆಟದ ಜಾಗದಲ್ಲಿ ಫುಟ್‌ಬಾಲ್, ಆಮೇಲೆ ಒಳಗೆ ಹೋಗಿ ಯಾರದ್ದೋ ಹಳೇ ಹಾಡುಗಳು. ರಾಕಬಿಲಿ, ರೆಗೆ, ಆರ್ ಅಂಡ್ ಬಿ. ಹೊರಗಿನವರು ಯಾರೂ ನೋಡಲಿಲ್ಲ, ಯಾರೂ ಪಂಕ್ ನುಡಿಸಿ ಅಂತ ಕೇಳಲಿಲ್ಲ. ಆ ಟೇಪುಗಳಲ್ಲಿ ಕೆಲವು 2004ರಲ್ಲಿ 'ಲಂಡನ್ ಕಾಲಿಂಗ್'ನ 25ನೇ ವರ್ಷದ ಆವೃತ್ತಿಯ ಜೊತೆ ಬಂದವು. ಸದ್ದು ಮಸುಕು, ಆದರೆ ಹಾಡುಗಳು ಅಲ್ಲೇ ಹೆಚ್ಚುಕಡಿಮೆ ತಯಾರು.

ರೆಕಾರ್ಡಿಂಗ್ ಹೈಬರಿಯ ವೆಸೆಕ್ಸ್ ಸ್ಟುಡಿಯೋದಲ್ಲಿ. ಪ್ರೊಡ್ಯೂಸರ್ ಗೈ ಸ್ಟೀವನ್ಸ್, ಮಿಕ್‌ನ ಆರಾಧ್ಯ ದೈವ ಮಾಟ್ ದ ಹೂಪಲ್‌ನ ಹಳೇ ಪ್ರೊಡ್ಯೂಸರ್. ಕುಡಿತಕ್ಕೆ ಬಿದ್ದು ಯಾರೂ ಕೆಲಸ ಕೊಡದ ಸ್ಥಿತಿಯಲ್ಲಿದ್ದರು. ಅವರ ವಿಧಾನ ಅಂದರೆ ನುಡಿಸುತ್ತಿರುವಾಗಲೇ ಕುರ್ಚಿ ಎಸೆಯೋದು, ಏಣಿ ಬೀಸೋದು, ಪಿಯಾನೋ ಒಳಗೆ ವೈನ್ ಸುರಿಯೋದು. ಪಕ್ಕದಲ್ಲಿ ಬಿಲ್ ಪ್ರೈಸ್ ಅನ್ನೋ ಎಂಜಿನಿಯರ್ ತಣ್ಣಗೆ ಕೂತು ನಿಜವಾದ ಕೆಲಸ ಮಾಡುತ್ತಿದ್ದರು. 'ಬ್ರಾಂಡ್ ನ್ಯೂ ಕ್ಯಾಡಿಲಾಕ್' ಒಂದೇ ಸಲಕ್ಕೆ ಬಂತು. ಹೋಗ್ತಾ ಹೋಗ್ತಾ ವೇಗ ಜಾಸ್ತಿ ಆಗಿದೆ, ಇನ್ನೊಮ್ಮೆ ಮಾಡೋಣ ಅಂದರು ಟಾಪರ್. ರಾಕ್ ಅಂಡ್ ರೋಲ್ ಅಂದರೆ ವೇಗ ಹೆಚ್ಚೋದೇ, ಬಿಡು ಅಂದರು ಸ್ಟೀವನ್ಸ್. ಹಾಗೇ ಉಳಿಯಿತು. ಕೇಳಿ, ನಿಜವಾಗಿಯೂ ಓಡುತ್ತದೆ.

ಈ ಆಲ್ಬಮ್ 1979ರ ಡಿಸೆಂಬರ್ 14ಕ್ಕೆ ಬಂತು. ಎರಡು ರೆಕಾರ್ಡ್, 19 ಹಾಡು, ಬೆಲೆ ಮಾತ್ರ ಒಂದೇ ರೆಕಾರ್ಡಿನದು, 5 ಪೌಂಡ್. ಕೊನೆಯ ಹಾಡು 'ಟ್ರೇನ್ ಇನ್ ವೇನ್' ಎಷ್ಟು ತಡವಾಗಿ ಸೇರಿತು ಅಂದರೆ ಕವರ್ ಆಗಲೇ ಅಚ್ಚಾಗಿತ್ತು, ಹೆಸರೇ ಇಲ್ಲ. ಮರುವರ್ಷ 'ಸ್ಯಾಂಡಿನಿಸ್ಟಾ!' ಮೂರು ರೆಕಾರ್ಡ್. ಅದನ್ನು ಕಡಿಮೆ ಬೆಲೆಗೆ ಕೊಡಬೇಕು ಅಂತ ಮೊದಲ 2 ಲಕ್ಷ ಪ್ರತಿಗಳ ರಾಯಲ್ಟಿ ಬಿಟ್ಟುಕೊಟ್ಟರು. ದುಡ್ಡಿಗೆ ಬದಲಾಗುವವರು ಹೀಗೆ ವ್ಯಾಪಾರ ಮಾಡಲ್ಲ ಅಲ್ವಾ.

ಇನ್ನು ಹಾರ್ನ್ ಊದುವವರನ್ನು ಎಲ್ಲಿಂದ ತರಬೇಕು ಅನ್ನೋದು ನ್ಯಾಯವಾದ ಪ್ರಶ್ನೆ. ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಆದರೆ 'ಗನ್ಸ್ ಆಫ್ ಬ್ರಿಕ್ಸ್ಟನ್' ನೋಡಿ. ಮೂರು ವರ್ಷದ ಹಿಂದೆ ಸ್ವರ ಗೊತ್ತಿಲ್ಲದೆ ಬೇಸ್ ಗಿಟಾರಿನ ಮೇಲೆ ಬಣ್ಣದಲ್ಲಿ ಬರೆದುಕೊಂಡಿದ್ದ ಸಿಮನನ್ ಸ್ವತಃ ಬರೆದು ಹಾಡಿದ್ದು. ಅದರ ಬೇಸ್ ಸಾಲು ಮೊದಲು ಶುರು, ಉಳಿದದ್ದೆಲ್ಲಾ ಅದರ ಹಿಂದೆ. ಅದಕ್ಕಿಂತ ದೊಡ್ಡ 'ನೀನೂ ಕಲಿ' ಯಾವುದಿದೆ?

ಮೂರುಕಾರ್ಡು:

ಸರಿ, 'ಗನ್ಸ್ ಆಫ್ ಬ್ರಿಕ್ಸ್ಟನ್' ಕೊಟ್ಟೆ. ಅದೊಂದು ನಿಮಗೆ. 'ಸ್ಯಾಂಡಿನಿಸ್ಟಾ!' ಮಾತ್ರ ಯಾರು ಏನೇ ಹೇಳಿದರೂ ಒಪ್ಪಲ್ಲ. ಅದರಿಂದ 12 ಹಾಡು ಆರಿಸಿದ್ದರೆ ಅದ್ಭುತ ಆಲ್ಬಮ್ ಆಗುತ್ತಿತ್ತು.

ಮಧ್ಯರಾತ್ರಿರೇಡಿಯೋ:

ಈ '12 ಹಾಡು' ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ. ತಮಾಷೆ ಅಂದರೆ ಇಬ್ಬರನ್ನು ಕೇಳಿದರೆ ಅವರ ಪಟ್ಟಿಗಳಲ್ಲಿ ನಾಲ್ಕೈದು ಹಾಡು ಬಿಟ್ಟು ಬೇರೆ ಯಾವುದೂ ಹೊಂದಲ್ಲ. ಹಾಗಾದರೆ ಯಾವ 12 ಸ್ವಾಮಿ?

ಒಂಟಿತಂತಿ, ನಿಮಗೆ ನಿದ್ದೆ ಬಂದದ್ದು ಸಹಜ. ಒಂದೇ ಕೂತಲ್ಲಿ ಕೇಳುವ ವಸ್ತು ಅಲ್ಲ ಅದು. ತೈಲ ಬಾವಿಗಳಲ್ಲಿ, ಧ್ರುವ ಪ್ರದೇಶದಲ್ಲಿ ಕೆಲಸ ಮಾಡುವ, ರೆಕಾರ್ಡ್ ಅಂಗಡಿಗೆ ಹೋಗಲಾಗದ ಜನಕ್ಕೆ ಅಂತ ಮಾಡಿದ ಆಲ್ಬಮ್ ಹಾಗೆ ಅದು ತನಗೆ ಕಾಣುತ್ತಿತ್ತು ಅಂದಿದ್ದಾರೆ ಮಿಕ್ ಜೋನ್ಸ್. ಆರು ಬದಿ, ಒಂದೊಂದು ಬದಿಗೆ ಆರು ಹಾಡು. ಒಂದು ಬದಿಯನ್ನು ಒಂದು ಪುಟ್ಟ ಆಲ್ಬಮ್ ಅಂದುಕೊಳ್ಳಿ. ದಿನಕ್ಕೆ ಒಂದು. ಅಷ್ಟೇ. ನಾನಂತೂ ಅದನ್ನು ರಾತ್ರಿ ಯಾವುದೋ ದೂರದ ಸ್ಟೇಷನ್ ಹಿಡಿದ ಹಾಗೆ ಕೇಳುತ್ತೇನೆ, ಹಾಡು ಹಾಡಿಗೆ ಊರು ಬದಲಾಗುತ್ತೆ.

ನಿಜವಾಗಿಯೂ ಊರು ಬದಲಾಗುತ್ತಿತ್ತು. ನ್ಯೂಯಾರ್ಕಿನ ಎಲೆಕ್ಟ್ರಿಕ್ ಲೇಡಿ, ಕಿಂಗ್ಸ್ಟನ್ನಿನ ಚಾನೆಲ್ ಒನ್, ಲಂಡನ್ನಿನ ವೆಸೆಕ್ಸ್, ಹೀಗೆ ಸ್ಟುಡಿಯೋದಿಂದ ಸ್ಟುಡಿಯೋಗೆ. ಡಬ್ (ರೆಗೆಯನ್ನು ಸ್ಟುಡಿಯೋದಲ್ಲಿ ಕಳಚಿ ಪ್ರತಿಧ್ವನಿ ಸೇರಿಸಿದ್ದು) ಹಾಡುಗಳಿಗೆ ಜೊತೆಗಿದ್ದದ್ದು ಜಮೈಕಾದ ಮೈಕಿ ಡ್ರೆಡ್. ಮಕ್ಕಳು ಹಾಡಿದ್ದು ನಿಮಗೆ ವಿಚಿತ್ರ ಅನ್ನಿಸಿತಲ್ಲ, ಅವರು ಕೀಬೋರ್ಡ್ ನುಡಿಸಿದ ಮಿಕಿ ಗ್ಯಾಲಗರ್ ಅವರ ಮಕ್ಕಳು. ಹಾಡುತ್ತಿರೋದು ಮೊದಲ ಆಲ್ಬಮ್ಮಿನ 'ಕರಿಯರ್ ಆಪರ್ಚುನಿಟೀಸ್', ಕೆಲಸ ಸಿಗದ ಹುಡುಗರ ಸಿಟ್ಟಿನ ಹಾಡು. ಮೂರೇ ವರ್ಷದಲ್ಲಿ ತಮ್ಮ ಹಾಡನ್ನೇ ಮಕ್ಕಳ ಬಾಯಿಗೆ ಕೊಟ್ಟು ನಕ್ಕರು. ಉಲ್ಟಾ ಟೇಪು ಅಂದಿರಲ್ಲ, ಅದು ಅದೇ ಆಲ್ಬಮ್ಮಿನ 'ಸಮ್ಥಿಂಗ್ ಅಬೌಟ್ ಇಂಗ್ಲೆಂಡ್' ಹಿಂದುಮುಂದು. ಅದನ್ನು ನಾನೂ ದಾಟಿಸುತ್ತೇನೆ, ಯಾರಿಗೂ ಹೇಳಬೇಡಿ.

ಮುಖ್ಯ ಹಾಡು ಮೊದಲನೆಯದೇ, 'ದ ಮ್ಯಾಗ್ನಿಫಿಸೆಂಟ್ ಸೆವೆನ್'. ನ್ಯೂಯಾರ್ಕಿಗೆ ಹೋದಾಗ ಮಿಕ್‌ಗೆ ಶುಗರ್‌ಹಿಲ್ ಗ್ಯಾಂಗ್ ಅನ್ನೋ ರಾಪ್ ತಂಡದ ಹುಚ್ಚು ಹಿಡಿಯಿತು. 1980ರ ಏಪ್ರಿಲ್‌ನಲ್ಲಿ ಕೂತು ಒಂದು ರಾಪ್ ಹಾಡು ಮಾಡೇಬಿಟ್ಟರು. ಬ್ರಿಟನ್ನಿನ ಗಿಟಾರ್ ಬ್ಯಾಂಡ್‌ಗಳು ರಾಪ್ ಅಂದರೆ ಏನು ಅಂತ ಕೇಳುವ ಕಾಲ ಅದು. ಬೇಸ್ ಮಾತ್ರ ಸಿಮನನ್ ಅವರದ್ದಲ್ಲ, ಅವರು ಸಿನಿಮಾ ಶೂಟಿಂಗ್‌ಗೆ ಹೋಗಿದ್ದರು, ಬ್ಲಾಕ್‌ಹೆಡ್ಸ್ ಬ್ಯಾಂಡಿನ ನಾರ್ಮನ್ ವಾಟ್-ರಾಯ್ ನುಡಿಸಿದ್ದು. ಮರುವರ್ಷ ನ್ಯೂಯಾರ್ಕಿನ ಕಪ್ಪು ಜನರ ರೇಡಿಯೋ ಸ್ಟೇಷನ್ ಡಬ್ಲ್ಯೂಬಿಎಲ್ಎಸ್ ಇದನ್ನು ಎತ್ತಿಕೊಂಡು ಹಾಕಿತು. ಆದರೆ ಅದೇ ಬೇಸಿಗೆಯಲ್ಲಿ ಅದೇ ಊರಿನ ಬಾಂಡ್ಸ್ ಸಭಾಂಗಣದಲ್ಲಿ ಇವರ ಕಛೇರಿಗೆ ಮುಂಚೆ ಕಾರ್ಯಕ್ರಮ ಕೊಡೋಕೆ ಬಂದ ಅಲ್ಲಿನ ರಾಪ್ ತಂಡದ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಅವರಿಗೆ ಇವರದ್ದೇ ಅಭಿಮಾನಿಗಳು ಕೂಗಿ, ಕೈಗೆ ಸಿಕ್ಕಿದ್ದು ಎಸೆದು ಕಳಿಸಿದರು. ಬ್ಯಾಂಡ್ ಎಲ್ಲಿಗೋ ಹೋಗಿತ್ತು, ಅಭಿಮಾನಿಗಳು 1977ರಲ್ಲೇ ನಿಂತಿದ್ದರು. ಮೂರುಕಾರ್ಡು ಅವರಿಗೆ ಹೇಳಿದ್ದಲ್ಲ ಇದು :)

ಕ್ರಮ ಕೇಳಿದಿರಿ. 'ಲಂಡನ್ ಕಾಲಿಂಗ್' ಮೊದಲು, ಆಮೇಲೆ ಆ ಸಿಂಗಲ್‌ಗಳು, ಆಮೇಲೆ ಮೊದಲ ಆಲ್ಬಮ್. 'ಸ್ಯಾಂಡಿನಿಸ್ಟಾ!' ಕೊನೆಗೆ.

ಒಂಟಿತಂತಿ:

ಇಷ್ಟು ಜನ ಇಷ್ಟು ಬರೀತೀರಾ ಅಂದುಕೊಂಡಿರಲಿಲ್ಲ. ಒಂದು ವಾರ ಹೇಳಿದ ಹಾಗೇ ಕೇಳಿದೆ.

'ಪೊಲೀಸ್ ಅಂಡ್ ಥೀವ್ಸ್' ಹೆಡ್‌ಫೋನ್‌ನಲ್ಲಿ ಹಾಕಿದೆ. ಎರಡು ಗಿಟಾರ್ ಜಗಳ ಸಿಕ್ಕಿತು. ಒಂದು ಸಲ ಸಿಕ್ಕ ಮೇಲೆ ಬೇರೇನೂ ಕೇಳಿಸಲ್ಲ. ಆಮೇಲೆ 'ಕಾಂಬ್ಯಾಟ್ ರಾಕ್'ಗೆ ವಾಪಸ್ ಹೋದರೆ ಅಲ್ಲೂ ಅದೇ ಸಂದಿ ಕಾಣಿಸುತ್ತಿದೆ, ಬರೀ ಜಾಗ ಜಾಸ್ತಿ ಬಿಟ್ಟಿದ್ದಾರೆ. ಮೊದಲ ಆಲ್ಬಮ್ ಇನ್ನೂ ಪೂರ್ತಿ ಇಷ್ಟವಾಗಿಲ್ಲ. ಆದರೆ ನಿಲ್ಲಿಸಲಿಲ್ಲ.

ಒಂದು ಸಣ್ಣ ಪ್ರಶ್ನೆ. 1985ರದ್ದು 'ಕಟ್ ದ ಕ್ರ್ಯಾಪ್' ಅಂತ ಇನ್ನೊಂದು ಇದೆಯಲ್ಲ? ಯಾರೂ ಅದರ ಹೆಸರೇ ಎತ್ತಲಿಲ್ಲ.

ಎರಡನೇಬದಿ:

ಎತ್ತಬಾರದು ಅಂತಲೇ ಎತ್ತಲಿಲ್ಲ. ಬಿರುಕು ಅದಕ್ಕೂ ಮುಂಚೆಯೇ ಬಿದ್ದಿತ್ತು. 'ಕಾಂಬ್ಯಾಟ್ ರಾಕ್' ಅನ್ನು ಮಿಕ್ 77 ನಿಮಿಷದ ಎರಡು ರೆಕಾರ್ಡಾಗಿ ಮಿಕ್ಸ್ ಮಾಡಿದ್ದರು. ಬೇರೆಯವರಿಗೆ ಅದು ಉದ್ದ ಅನ್ನಿಸಿತು. ಪ್ರೊಡ್ಯೂಸರ್ ಗ್ಲಿನ್ ಜಾನ್ಸ್ ಅವರನ್ನು ಕರೆಸಿ 46 ನಿಮಿಷಕ್ಕೆ ಕತ್ತರಿಸಿದರು. ಕೇಳುಗರಿಗೆ ಲಾಭವಾಯಿತು, ಮಿಕ್ ಮುನಿಸು ಹೋಗಲಿಲ್ಲ. 1983ರ ಸೆಪ್ಟೆಂಬರ್‌ನಲ್ಲಿ ಅವರನ್ನೂ ತೆಗೆದರು. ಉಳಿದದ್ದು ಜೋ, ಸಿಮನನ್, ಮೂರು ಹೊಸ ಹುಡುಗರು, ಮತ್ತೆ ವಾಪಸ್ ಬಂದ ಬರ್ನಿ ರೋಡ್ಸ್. ಈ ಸಲ ರೋಡ್ಸ್ ಪ್ರೊಡ್ಯೂಸರ್ ಕೂಡ ಆದರು, ಬೇರೆ ಹೆಸರಿಟ್ಟುಕೊಂಡು. ಸಿಂಥ್, ಫುಟ್‌ಬಾಲ್ ಮೈದಾನದ ಕೂಗು, ಡ್ರಮ್ ಮೆಷಿನ್. 'ದಿಸ್ ಈಸ್ ಇಂಗ್ಲೆಂಡ್' ಒಂದು ಕೇಳಿ, ಜೋ ಅವರ ಒಳ್ಳೆಯ ಹಾಡುಗಳಲ್ಲಿ ಅದೂ ಒಂದು. ಉಳಿದದ್ದು ಬೇಡ.

ಕಡ್ಡಿಪೆಟ್ಟು:

ಮನುಷ್ಯರೂಪದ ಡ್ರಮ್ ಮೆಷಿನ್ ಅನ್ನು ಕಳಿಸಿ, ಕೊನೆಗೆ ನಿಜವಾದ ಡ್ರಮ್ ಮೆಷಿನ್ ತಂದರು. ನನಗೆ ಆ ಆಲ್ಬಮ್ ಬಗ್ಗೆ ಇಷ್ಟೇ ಹೇಳೋಕಿರೋದು.

ಒಂಟಿತಂತಿ, 'ಸ್ಟ್ರೈಟ್ ಟು ಹೆಲ್' ಬಾಟಲಿ ಸಿಕ್ಕಿತಾ?

ಒಂಟಿತಂತಿ:

ಸಿಕ್ಕ ಹಾಗಿದೆ. ನೀವು ಹೇಳಿದ್ದಕ್ಕೆ ಕೇಳಿಸುತ್ತಿದೆಯೋ ಏನೋ ಗೊತ್ತಿಲ್ಲ. ಇನ್ನೊಂದು ಸಲ ಹಾಕುತ್ತೇನೆ, ಬೇಸ್ ಸ್ವಲ್ಪ ಏರಿಸಿ.